‘ಬಿಟ್ಟುಬಿಡು, ತಲೆ ಕೆಡಿಸ್ಕೋಬೇಡ’ ಅನ್ನುವ ಮೊದಲು

ಅಕ್ಟೋಬರಿನ ಮೊದಲ ಸೋಮವಾರದಿಂದ ನಮ್ಮ ನ್ಯೂಜೆರ್ಸಿಯ ಶಾಲೆಗಳಲ್ಲಿ ‘ವೀಕ್ ಆಫ್ ರೆಸ್ಪೆಕ್ಟ್’. ಒಂದು ದಿನ ನೀಲಿ ಅಂಗಿ, ಇನ್ನೊಂದು ದಿನ ಜೋಡಿಯಿಲ್ಲದ ಸಾಕ್ಸು ಹಾಕಿಕೊಂಡು ಬನ್ನಿ ಎಂದು ಶಾಲೆಯಿಂದ ಮೇಲ್ ಬರುತ್ತದೆ. ದಸರಾ ಕಾರ್ಯಕ್ರಮದ ತಾಲೀಮಿನ ಗಡಿಬಿಡಿಯಲ್ಲಿ ನಾವು ಸಾಕ್ಸು ಹುಡುಕಿಕೊಟ್ಟು ಸುಮ್ಮನಾಗುತ್ತೇವೆ. ಆದರೆ ಈ ವಾರವನ್ನು ಗೊತ್ತುಮಾಡಿದ್ದು ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಕಾಡುವುದನ್ನು, ಅಂದರೆ ಬುಲ್ಲಿಯಿಂಗ್ ಅನ್ನು, ತಡೆಯಲು ಬಂದ ಒಂದು ಕಾನೂನು. 2010ರ ಸೆಪ್ಟೆಂಬರಿನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಟೈಲರ್ ಕ್ಲೆಮೆಂಟಿ ಎಂಬ ಹದಿನೆಂಟರ ಹುಡುಗ ಪ್ರಾಣ ಕಳೆದುಕೊಂಡ. ಅದಕ್ಕೆ ಕೆಲವೇ ದಿನ ಮೊದಲು ಅವನ ರೂಮ್‌ಮೇಟ್ ವೆಬ್‌ಕ್ಯಾಮ್ ಇಟ್ಟು ಅವನ ಖಾಸಗಿ ಕ್ಷಣಗಳನ್ನು ಕದ್ದು ನೋಡಿದ್ದ. ಇಡೀ ರಾಜ್ಯ ತಲ್ಲಣಿಸಿತು. ಮುಂದಿನ ಜನವರಿಯಲ್ಲೇ ಹೊಸ ಕಾನೂನಿಗೆ ಗವರ್ನರ್ ಸಹಿ ಬಿತ್ತು, 2011ರ ಸೆಪ್ಟೆಂಬರಿನಿಂದ ಅದು ಜಾರಿಗೆ ಬಂತು. ಆ ರೂಮ್‌ಮೇಟ್ ಭಾರತೀಯ ಕುಟುಂಬದ ಹುಡುಗ ಎಂಬುದನ್ನೂ ನಾವು ಮರೆಯಬಾರದು.

ಮಗು ಬಂದು ‘ಅವರು ನನ್ನನ್ನ ಆಡಿಕೊಳ್ತಾರೆ ಅಮ್ಮಾ’ ಅಂದರೆ ನಮ್ಮ ಬಾಯಿಗೆ ಮೊದಲು ಬರುವುದು ‘ಬಿಟ್ಟುಬಿಡು, ತಲೆ ಕೆಡಿಸ್ಕೋಬೇಡ, ನೀನು ಚೆನ್ನಾಗಿ ಓದು, ತಾವಾಗೇ ಸುಮ್ಮನಾಗ್ತಾರೆ’. ನಾವೆಲ್ಲ ಹಾಗೆ ಕೇಳಿಸಿಕೊಂಡೇ ಬೆಳೆದವರು. ಊರಿನ ಶಾಲೆಯಲ್ಲಿ ಅಡ್ಡಹೆಸರಿಲ್ಲದವರು ಯಾರಿದ್ದರು? ಆದರೆ ಅಲ್ಲಿ ಅಡ್ಡಹೆಸರಿಟ್ಟವನೇ ಸಂಜೆ ನಮ್ಮ ಬೀದಿಗೆ ಲಗೋರಿ ಆಡಲು ಬರುತ್ತಿದ್ದ, ಅವನಮ್ಮನಿಗೂ ನಮ್ಮಮ್ಮನಿಗೂ ಮಾತುಕತೆ ಇತ್ತು. (ಅಲ್ಲೂ ಒಳಗೊಳಗೇ ನೊಂದವರಿದ್ದರು, ಕೇಳುವವರಿರಲಿಲ್ಲ ಅಷ್ಟೆ.) ಇಲ್ಲಿ ಕಾಟ ಕೊಡುವವನು ಯಾರ ಮನೆಯ ಹುಡುಗನೋ ನಮಗೆ ತಿಳಿಯದು. ಬೆಳಿಗ್ಗೆ ಸ್ಕೂಲ್ ಬಸ್ಸಿನಲ್ಲಿ ಶುರುವಾದದ್ದು ರಾತ್ರಿ ಮಲಗುವ ತನಕ ಗ್ರೂಪ್ ಚಾಟಿನಲ್ಲಿ ನಡೆಯುತ್ತಲೇ ಇರುತ್ತದೆ.

ಮಕ್ಕಳ ಜಗಳ ಬೇರೆ, ಇದು ಬೇರೆ. 1970ರ ದಶಕದಲ್ಲಿ ಸ್ವೀಡನ್ನಿನ ಶಾಲೆಗಳಲ್ಲಿ ಇದನ್ನು ಮೊದಲು ಅಚ್ಚುಕಟ್ಟಾಗಿ ಅಧ್ಯಯನ ಮಾಡಿದ ಡಾನ್ ಓಲ್ವಿಯಸ್ ಮೂರು ಗುರುತು ಕೊಟ್ಟರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವ ಮಗುವಿಗೆ ಎದುರು ನಿಲ್ಲುವ ಬಲ ಇಲ್ಲದಿರುವುದು. ಈ ಮೂರನೆಯದೇ ಮುಖ್ಯ ಎಂದು ನನ್ನ ಅನಿಸಿಕೆ. ‘ನೀನೂ ಎರಡು ಬಿಡು’ ಎಂಬ ಅಪ್ಪಂದಿರ ಸಲಹೆ ಕೆಲಸಕ್ಕೆ ಬಾರದಿರುವುದು ಇದರಿಂದಲೇ. ಬಿಡುವ ಶಕ್ತಿ ಇದ್ದಿದ್ದರೆ ಮಗು ನಿಮ್ಮ ಹತ್ತಿರ ಬರುತ್ತಲೇ ಇರಲಿಲ್ಲ.

ನಮ್ಮ ಸಂಘದ ಒಬ್ಬ ತಾಯಿ ಹೇಳಿದ್ದು. ಐದನೇ ಕ್ಲಾಸಿನ ಮಗಳ ಊಟದ ಡಬ್ಬಿ ದಿನಾ ಖಾಲಿಯಾಗಿಯೇ ಬರುತ್ತಿತ್ತು, ಇವರಿಗೆ ಸಮಾಧಾನ. ಆದರೆ ಮನೆಗೆ ಬಂದ ಕೂಡಲೇ ಹುಡುಗಿ ಹಸಿವು ಹಸಿವು ಎಂದು ಫ್ರಿಜ್ ಮುಂದೆ ನಿಲ್ಲುತ್ತಿದ್ದಳು. ಭಾನುವಾರ ಸಂಜೆಯಾದರೆ ಹೊಟ್ಟೆನೋವು, ಡಾಕ್ಟರಿಗೆ ಏನೂ ಸಿಗಲಿಲ್ಲ. ಒಂದು ದಿನ ಕಾರಿನಲ್ಲಿ ಹೋಗುವಾಗ, ಮುಖ ನೋಡದೆ, ‘ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ ಪುಟ್ಟಿ?’ ಅಂದರಂತೆ. ಹಿಂದಿನ ಸೀಟಿನಿಂದ ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ ಎಲ್ಲ ಹೊರಬಂತು. ಪುಳಿಯೋಗರೆಯ ಡಬ್ಬಿ ತೆರೆದರೆ ಎದುರಿಗಿದ್ದ ನಾಲ್ವರು ಮೂಗು ಮುಚ್ಚಿಕೊಂಡು ಬೇರೆ ಮೇಜಿಗೆ ಎದ್ದು ಹೋಗುತ್ತಿದ್ದರು. ಅವಳು ಅನ್ನವನ್ನು ಕಸದ ಬುಟ್ಟಿಗೆ ಸುರಿದು ಲೈಬ್ರರಿಯಲ್ಲಿ ಕೂರುತ್ತಿದ್ದಳು. ‘ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಕೇಳಿದ್ದರೆ ಅವಳು ಇಲ್ಲ ಅಂದುಬಿಡುತ್ತಿದ್ದಳೇನೋ.

ಇನ್ನು ಹೇಳಲು ಕಷ್ಟವಾದ ಮಾತು. ಆ ನಾಲ್ವರಲ್ಲಿ ಇಬ್ಬರು ನಮ್ಮವರ ಮಕ್ಕಳೇ. ಬೆಂಗಳೂರಿನಿಂದ ಹೊಸದಾಗಿ ಬಂದ ಮಗುವನ್ನು ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ‘ಎಫ್‌ಒಬಿ’ (‘ಫ್ರೆಶ್ ಆಫ್ ದ ಬೋಟ್’, ಈಗಷ್ಟೇ ಹಡಗಿನಿಂದ ಇಳಿದವರು ಎಂಬ ಮೂದಲಿಕೆ) ಎಂದು ಕರೆಯುವುದು, ಅದರ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುವುದು ನಮ್ಮ ಮನೆಗಳ ಬೇಸ್‌ಮೆಂಟಿನಲ್ಲೇ ನಡೆಯುತ್ತದೆ. ನಾವು ಮೇಲೆ ಕೂತು ಕಾಫಿ ಕುಡಿಯುತ್ತಿರುತ್ತೇವೆ. ತಾವೂ ಕಂದು ಬಣ್ಣದವರೇ ಎಂಬುದು ಬಿಳಿ ಗೆಳೆಯರ ಮುಂದೆ ಎದ್ದು ಕಾಣದಿರಲಿ ಎಂಬ ಭಯ ಆ ಮಕ್ಕಳದ್ದು. ಭಯ ಅರ್ಥವಾಗುತ್ತದೆ, ಆದರೆ ಅದರ ಬೆಲೆ ತೆರುವವಳು ಲೈಬ್ರರಿಯಲ್ಲಿ ಕೂತವಳು. ನಿಮ್ಮ ಮಗುವಿನ ಬಗ್ಗೆ ಶಾಲೆಯಿಂದ ಫೋನ್ ಬಂದರೆ ‘ನಮ್ಮವನು ಅಂಥವನಲ್ಲ’ ಅನ್ನುವ ಮುನ್ನ ಪೂರ್ತಿ ಕೇಳಿಸಿಕೊಳ್ಳಿ.

ನೋಡುತ್ತ ನಿಂತ ಮಕ್ಕಳ ಕೈಯಲ್ಲೂ ಬಹಳ ಇದೆ. ಟೊರಾಂಟೊದ ಶಾಲೆಗಳ ಆಟದ ಬಯಲಿನಲ್ಲಿ ಮಕ್ಕಳನ್ನು ವಿಡಿಯೊದಲ್ಲಿ ಸೆರೆಹಿಡಿದು ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಕಾಟ ನಡೆಯುವಾಗ ಹೆಚ್ಚಿನ ಸಲ ಸುತ್ತ ಬೇರೆ ಮಕ್ಕಳಿದ್ದರು, ನಡುವೆ ಬಂದವರು ಕಡಿಮೆ. ಬಂದಾಗ ಮಾತ್ರ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಬುಲ್ಲಿಯಿಂಗ್ ತಡೆಯಲೆಂದು ಫಿನ್‌ಲೆಂಡಿನ ಶಾಲೆಗಳಲ್ಲಿ ನಡೆಸುವ ‘ಕಿವಾ’ ಕಾರ್ಯಕ್ರಮವೂ ಮುಖ್ಯವಾಗಿ ಕಲಿಸುವುದು ಈ ಪಕ್ಕದಲ್ಲಿ ನಿಂತವರಿಗೇ. ಹಾಗೆಂದು ಹೊಡೆದಾಟಕ್ಕೆ ಇಳಿಯಬೇಕಿಲ್ಲ. ‘ಬಾ, ನಮ್ಮ ಜೊತೆ ಕೂತ್ಕೋ’ ಅಂದರೆ ಎಷ್ಟೋ ಆಯಿತು.

ಅಷ್ಟಾದರೂ ನಿಲ್ಲದಿದ್ದರೆ? ಶಾಲೆಗೆ ದೂರು ಬರೆದು ಕೊಡಿ. ನಮ್ಮವರು ಹಿಂಜರಿಯುವುದು ಇಲ್ಲೇ. ಟೀಚರ್ ಬೇಜಾರಾದರೆ, ಮಗುವಿನ ಗ್ರೇಡಿಗೆ ತೊಂದರೆಯಾದರೆ, ವೀಸಾದ ಮೇಲಿರುವ ನಮಗೇಕೆ ಗಲಾಟೆ ಎಂಬ ಅಳುಕು. ಮೊದಲು ಹೇಳಿದ ಆ ಕಾನೂನಿನ ರಕ್ಷಣೆ ಸಾರ್ವಜನಿಕ ಶಾಲೆಗೆ ಹೋಗುವ ಎಲ್ಲ ಮಕ್ಕಳಿಗೂ ಇದೆ, ವೀಸಾ ಯಾವುದೆಂದು ಅದು ಕೇಳುವುದಿಲ್ಲ. ಇಂಥ ಪ್ರಕರಣಗಳನ್ನು ಶಾಲೆಗಳಲ್ಲಿ ‘ಎಚ್‌ಐಬಿ’ (ಹರಾಸ್‌ಮೆಂಟ್, ಇಂಟಿಮಿಡೇಶನ್, ಬುಲ್ಲಿಯಿಂಗ್; ಅಂದರೆ ಕಿರುಕುಳ, ಬೆದರಿಕೆ, ಕಾಟ) ಎನ್ನುತ್ತಾರೆ. ಬಣ್ಣ, ಧರ್ಮ, ಮೂಲದೇಶ, ಅಂಗವೈಕಲ್ಯ ಇಂಥವನ್ನು ಹಿಡಿದು ಕಾಡಿದರೆ, ಅದು ಒಂದೇ ಸಲ ನಡೆದಿದ್ದರೂ ಈ ಕಾನೂನಿನಡಿ ಬರಬಹುದು. ಸ್ಕೂಲ್ ಬಸ್ಸೂ ಸೇರಿತು, ಶಾಲೆಯ ದಿನಚರಿಯನ್ನು ಕೆಡಿಸುವ ಫೋನಿನ ಸಂದೇಶವೂ ಸೇರಿತು. ಪ್ರತಿ ಶಾಲೆಯಲ್ಲೂ ಇದಕ್ಕೆಂದೇ ಒಬ್ಬ ಆಂಟಿ-ಬುಲ್ಲಿಯಿಂಗ್ ಸ್ಪೆಷಲಿಸ್ಟ್ ಇರಬೇಕು. ದೂರು ಲಿಖಿತವಾಗಿ ದಾಖಲಾದ ದಿನದಿಂದ 10 ಶಾಲಾ ದಿನಗಳೊಳಗೆ ತನಿಖೆ ಮುಗಿಯಬೇಕು. ಫಲಿತಾಂಶ ತಿಳಿಯುವ ಹಕ್ಕು ನಿಮಗಿದೆ, ಒಪ್ಪಿಗೆಯಾಗದಿದ್ದರೆ ಸ್ಕೂಲ್ ಬೋರ್ಡಿನ ಮುಂದೆ ವಿಚಾರಣೆ ಕೇಳಬಹುದು. ಪತ್ರದಲ್ಲಿ ತಾರೀಖು, ಜಾಗ, ಯಾರು ಏನೆಂದರು, ಯಾರು ನೋಡಿದರು ಎಂಬುದಿರಲಿ. ಚಾಟಿನ ಸ್ಕ್ರೀನ್‌ಶಾಟ್ ಅಳಿಸಬೇಡಿ. ಕಾಟ ಕೊಟ್ಟವನ ಅಪ್ಪನಿಗೆ ನೀವೇ ಫೋನ್ ಮಾಡಿ ಕೂಗಾಡಬೇಡಿ, ಹಾಗೆ ಮಾಡಿದಾಗ ಮರುದಿನ ಪೆಟ್ಟು ಬೀಳುವುದು ಮಗುವಿಗೇ.

ಮುಂದಿನ ತಿಂಗಳ ಕನ್ನಡ ಶಾಲೆಯ ಪಾಲಕರ ಸಭೆಯಲ್ಲಿ ಈ ವಿಷಯಕ್ಕೆ ಒಂದು ಗಂಟೆ ಮೀಸಲಿಟ್ಟಿದ್ದೇವೆ. ದೊಡ್ಡ ಮಕ್ಕಳನ್ನೂ ಕರೆತನ್ನಿ, ಅವರ ಮಾತನ್ನೂ ಕೇಳೋಣ. ದೂರಿನ ಪತ್ರ ಬರೆಯಲು ಸಹಾಯ ಬೇಕಾದವರು ಸಭೆಯ ತನಕ ಕಾಯಬೇಡಿ, ಸಮಿತಿಯಲ್ಲಿ ಯಾರಿಗಾದರೂ ಹೇಳಿ. ವಿಷಯ ನಮ್ಮಲ್ಲೇ ಉಳಿಯುತ್ತದೆ.