ಫಲಿತಾಂಶದ ಲೆಕ್ಕ ಎಂಟನೇ ತರಗತಿಯಿಂದ ಹಿಡಿಯಿರಿ

ಮಾನ್ಯರೆ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದೇ ತಡ, ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಹಿಂದುಳಿದ ಶಾಲೆಗಳಿಗೆ ಕಾರಣ ಕೇಳಿ ನೋಟಿಸ್ ಹೊರಡುವುದು ವಾಡಿಕೆ. ಕೇಳಲಿ, ತಪ್ಪೇನಿಲ್ಲ. ಆದರೆ ಯಾವ ಲೆಕ್ಕ ಹಿಡಿದು ಕೇಳುತ್ತಾರೆ?

ಎಂಟನೇ ತರಗತಿಗೆ ಸೇರಿದವರು 40, ಪರೀಕ್ಷೆ ಬರೆದವರು 30, ಪಾಸಾದವರು 27 ಎಂದುಕೊಳ್ಳಿ. ಶಾಲೆಯ ಫಲಕದಲ್ಲಿ ಶೇ 90 ಎಂದಿರುತ್ತದೆ. ಸೇರಿದವರ ಲೆಕ್ಕದಲ್ಲಿ ಅದು ಶೇ 67.5. ಉಳಿದ ಹತ್ತು ಮಂದಿಯಲ್ಲಿ ಟಿ.ಸಿ. ಒಯ್ದವರೆಷ್ಟು, ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರೆಷ್ಟು, ‘ಇವ ಪಾಸಾಗೂದಿಲ್ಲ’ ಎಂದು ಪರೀಕ್ಷೆಗೇ ಕೂಡ್ರಿಸದವರೆಷ್ಟು? ಪ್ರತಿ ಮಗುವಿಗೂ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ ಇದೆ. ಎಂಟನೆಯ ದಾಖಲಾತಿ ಪಟ್ಟಿಯನ್ನು ಅದೇ ಮಕ್ಕಳ ಹತ್ತನೆಯ ಫಲಿತಾಂಶದ ಪಟ್ಟಿಗೆ ತಾಳೆ ಹಾಕಿದರೆ ಉತ್ತರ ಸಿಗುತ್ತದೆ. ಒಂದು ತೊಡಕುಂಟು: ಟಿ.ಸಿ. ಕೊಟ್ಟರೂ ಹೊಸ ಶಾಲೆಯವರು ಆನ್‌ಲೈನ್‌ನಲ್ಲಿ ದಾಖಲಿಸಿಕೊಳ್ಳದಿದ್ದರೆ ಆ ಮಗು ಶಾಲೆ ಬಿಟ್ಟಂತೆ ಕಾಣುತ್ತದೆ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಮೊದಲು ಆ ಬಾಕಿಗಳನ್ನು ತೀರಿಸಬೇಕು.

ಎರಡನೆಯದು ಆಂತರಿಕ ಅಂಕ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ! ಲಿಖಿತ 80 ಅಂಕಕ್ಕೆ ಕ್ಯಾಮೆರಾ ಇದೆ, ಶಾಲೆಯೇ ಕೊಡುವ 20ಕ್ಕೆ ಯಾರಿದ್ದಾರೆ? ಈಗ ವಿಷಯವೊಂದಕ್ಕೆ ಶೇ 30 ಬಂದು, ಒಟ್ಟು 625ಕ್ಕೆ 206 ಆದರೆ ಪಾಸು. ಆಂತರಿಕದಲ್ಲಿ 20ಕ್ಕೆ 20 ಕೊಟ್ಟರೆ ಗಣಿತದ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 10 ಬಂದರೂ ಆ ವಿಷಯ ದಾಟಬಹುದು. ಶಾಲೆವಾರು ಆಂತರಿಕ ಮತ್ತು ಲಿಖಿತ ಅಂಕಗಳ ಸರಾಸರಿಯನ್ನು ಅಕ್ಕಪಕ್ಕ ಇಟ್ಟರೆ ಸಾಕು, ತಪಾಸಣೆಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ. ಇರುವ ಆ್ಯಪ್‌ಗಳಿಗೆ ಮಾಹಿತಿ ತುಂಬುವುದರಲ್ಲೇ ಶಿಕ್ಷಕರ ಪಾಠದ ಅವಧಿ ಹೋಗುತ್ತಿದೆ.

ಹನ್ನೆರಡು ಮಕ್ಕಳ ಶಾಲೆಯಲ್ಲಿ ಒಬ್ಬ ನಪಾಸಾದರೆ ಫಲಿತಾಂಶ ಎಂಟು ಅಂಶ ಕುಸಿಯುತ್ತದೆ. ಅಂಥಲ್ಲಿ ಮೂರು ವರ್ಷಗಳ ಫಲಿತಾಂಶವನ್ನು ಒಟ್ಟುಗೂಡಿಸಿಯೇ ಲೆಕ್ಕ ತೆಗೆಯಬೇಕು.

ಡಿಡಿಪಿಐ (ಜಿಲ್ಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಗಳು ಮುಂದಿನ ನೋಟಿಸಿನಲ್ಲಿ ಸೇರಿದವರು, ಬರೆದವರು, ಪಾಸಾದವರು ಎಂಬ ಮೂರೂ ಅಂಕಿಗಳನ್ನು ನಮೂದಿಸಲಿ. ಅದರ ಪ್ರತಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೂ ಹೋಗಲಿ.

— ನಿವೃತ್ತ ಮುಖ್ಯಶಿಕ್ಷಕ, ಜಮಖಂಡಿ