ಎಲ್ ರೀನೋದ ಈರುಳ್ಳಿ ಬರ್ಗರ್: ನಿನ್ನ ಲೇಖನದ ಬಗ್ಗೆ

ಪ್ರೀತಿಯ ತಂಗಿ,

ಲೇಖನ ತಲುಪಿತು. ಡಲ್ಲಾಸ್‌ನಿಂದ ಹೊರಟು, ಒಕ್ಲಹೋಮಾ ಸಿಟಿ ದಾಟಿ, ಹಳೆಯ ರೂಟ್ 66 ಹೆದ್ದಾರಿ ಹಿಡಿದು ಅಮೆರಿಕದ ಒಕ್ಲಹೋಮಾ ರಾಜ್ಯದ ಎಲ್ ರೀನೋ ಊರಿಗೆ ಹೋಗಿದ್ದೀಯ. ಆಕಾಶ, ಹೆದ್ದಾರಿ, ಕಾರಿನಲ್ಲಿ ಕೇಳಿದ ಹಾಡು ಎಲ್ಲಾ ಬಂದಿದೆ. ಬರ್ಗರ್ ಮಾತ್ರ ಕೊನೆಯ ಪುಟಕ್ಕೆ ಬರುತ್ತೆ. ಅದೂ 'ಅದ್ಭುತ', 'ಸ್ವರ್ಗ' ಅಂತ ಎರಡು ಮಾತಿಗೆ ಮುಗಿದುಹೋಗುತ್ತೆ. ಮೊದಲ ಪುಟಗಳನ್ನು ಕಿತ್ತುಹಾಕು. ನೀನು ಬರ್ಗರ್ ತಿಂದ ಅಂಗಡಿ ರಾಬರ್ಟ್ಸ್ ಗ್ರಿಲ್‌ನ ಬಾಗಿಲಿನಿಂದಲೇ ಶುರು ಮಾಡು.

'1926ರಿಂದ ನಡೆಯುತ್ತಿದೆ' ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀಯ. ರೂಟ್ 66 ಹುಟ್ಟಿದ್ದೂ ಅದೇ ವರ್ಷ. 1985ರಲ್ಲಿ ಆ ಹೆದ್ದಾರಿಯನ್ನು ಸರ್ಕಾರಿ ಪಟ್ಟಿಯಿಂದಲೇ ತೆಗೆದರು. ಅಂಗಡಿ ಉಳಿಯಿತು. ಹಾಗಾದರೆ ದಾರಿಹೋಕರಲ್ಲದೆ ಅಲ್ಲಿ ಬಂದು ಕೂರುವವರು ಯಾರು? ನಿನ್ನ ಪಕ್ಕದ ಸ್ಟೂಲಿನಲ್ಲಿ ಕೂತವರ ಬಗ್ಗೆ ಒಂದು ಸಾಲೂ ಇಲ್ಲವಲ್ಲ!

ಈಗ ಈರುಳ್ಳಿಗೆ ಬರೋಣ. ಎಲ್ ರೀನೋ ರೈಲ್ವೆ ಊರು. ರಾಕ್ ಐಲ್ಯಾಂಡ್ ಕಂಪನಿಯ ರೈಲು ವರ್ಕ್‌ಶಾಪ್ ಅಲ್ಲಿತ್ತು. 1922ರಲ್ಲಿ ಕೂಲಿ ಕಡಿತದ ವಿರುದ್ಧ ಅಮೆರಿಕದಾದ್ಯಂತ ಸುಮಾರು 4 ಲಕ್ಷ ರೈಲ್ವೆ ವರ್ಕ್‌ಶಾಪ್ ಕೆಲಸಗಾರರು ಮುಷ್ಕರ ಹೂಡಿದರು. ಜನರ ಕೈಯಲ್ಲಿ ಕಾಸಿಲ್ಲ. ಮಾಂಸ ದುಬಾರಿ, ಈರುಳ್ಳಿ ಅಗ್ಗ. ಆಗ ಹ್ಯಾಂಬರ್ಗರ್ ಇನ್ ಅನ್ನುವ ಅಂಗಡಿಯಲ್ಲಿ ಮಾಂಸ ಕಡಿಮೆ ಮಾಡಿ, ಈರುಳ್ಳಿ ಜಾಸ್ತಿ ಹಾಕಿ ಬರ್ಗರ್ ದೊಡ್ಡದು ಮಾಡಿದರಂತೆ. ಕೆಲವರು ಇದನ್ನು 1930ರ ದಶಕದ ಆರ್ಥಿಕ ಕುಸಿತದ ಕಾಲಕ್ಕೆ ಸೇರಿಸಿ ಹೇಳುತ್ತಾರೆ. ಎರಡನ್ನೂ ಬರೆ. ಯಾರು ಯಾವುದನ್ನು ಹೇಳಿದರು ಅಂತಲೂ ಬರೆ.

ಇನ್ನೊಂದು ಮಾತು. ನೀನು ಬರೀ 'ಮಾಂಸ' ಅಂದಿದ್ದೀಯ. ಅಮ್ಮ ಓದುತ್ತಾರೆ ಅಂತ ಹೆದರಿಕೆ, ಅಲ್ವಾ? ತಿನ್ನೋದು ಬಿಡೋದು ನಿನ್ನಿಷ್ಟ. ತಿಂದ ಮೇಲೆ ದನದ ಮಾಂಸ ಅಂತಲೇ ಬರೆ. ಅದರ ಬೆಲೆ ಕೈಗೆಟುಕದೆ ಹೋದದ್ದಕ್ಕೇ ಈರುಳ್ಳಿ ಬಂತು. ಅದನ್ನು ಮುಚ್ಚಿಟ್ಟರೆ ಕಥೆಯೇ ನಿಲ್ಲೋದಿಲ್ಲ.

ಮಾಡುವ ರೀತಿಗೆ ಒಂದು ಪುಟವನ್ನಾದರೂ ಕೊಡು. ನಿನ್ನ ಕಣ್ಣೆದುರೇ ನಡೆಯಿತಲ್ಲ. ಕೈಮಾದ ಉಂಡೆಯನ್ನು ಬಿಸಿ ಕಾವಲಿಯ ಮೇಲಿಡುತ್ತಾರೆ. ಅದರ ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಈರುಳ್ಳಿ, ಒಂದು ದೊಡ್ಡ ಹಿಡಿ. ಆಮೇಲೆ ಗಟ್ಟಿ ಸಟ್ಟುಗದಿಂದ ಒತ್ತುತ್ತಾರೆ, ಈರುಳ್ಳಿ ಮಾಂಸದೊಳಗೆ ಕೂತುಕೊಳ್ಳುವ ತನಕ. ತಿರುವಿ ಹಾಕಿದರೆ ಈರುಳ್ಳಿ ಕಾವಲಿಗೆ ತಾಗಿ, ಮಾಂಸದ ಜಿಡ್ಡಿನಲ್ಲೇ ಬೆಂದು ಕೆಂಪಾಗುತ್ತೆ. ಅಂಚಿನಲ್ಲಿ ಕೆಲವು ಎಳೆ ಕರಿಕಾಗುತ್ತವೆ. ಬನ್ನನ್ನು ಅದರ ಮೇಲೇ ಮುಚ್ಚಿಡುತ್ತಾರೆ, ಆ ಹಬೆಗೆ ಮೆತ್ತಗಾಗಲಿ ಅಂತ. ಇಷ್ಟನ್ನು ಸರಿಯಾಗಿ ಬರೆದರೆ 'ಬಾಯಲ್ಲಿ ನೀರೂರಿತು' ಅಂತ ನೀನು ಹೇಳಬೇಕಾಗಿಲ್ಲ. ಸುಮ್ನೆ ಹೊಡೆದುಹಾಕು.

ಬೆಂಗಳೂರಿನ ದರ್ಶಿನಿಯ ಹೋಲಿಕೆಯೂ ಬೇಡ. ದರ್ಶಿನಿಯಲ್ಲಿ ನಿಂತು ತಿಂದು ಹೊರಡುತ್ತೇವೆ. ಇಲ್ಲಿ ಸ್ಟೂಲಿನ ಮೇಲೆ ಕೂತು, ಕಾವಲಿಯನ್ನೇ ನೋಡುತ್ತಾ ಕಾಯುತ್ತಾರೆ. ಕಾಯುವಾಗಲೇ ಮಾತು ಹುಟ್ಟೋದು.

ಮೇ ತಿಂಗಳ ಮೊದಲ ಶನಿವಾರ ಊರವರು ಮಾಡುವ ಬರ್ಗರ್ ಹಬ್ಬಕ್ಕೆ ಅರ್ಧ ಪುಟ ಕೊಟ್ಟಿದ್ದೀಯ. 850 ಪೌಂಡ್ ಮೀರಿದ ಬರ್ಗರ್ ಅಂದರೆ ಯಾರಿಗಾದರೂ ಆಸೆಯಾಗುತ್ತೆ, ಸರಿ. ಆದರೆ ನೀನು ಅದನ್ನು ನೋಡಿಯೇ ಇಲ್ಲ. ಒಂದು ಸಾಲು ಸಾಕು.

ಸಾಧ್ಯವಾದರೆ ಇನ್ನೊಮ್ಮೆ ಹೋಗಿ ಬಾ. 1946ರಿಂದ ಇರುವ ಜಾನೀಸ್ ಗ್ರಿಲ್‌ನಲ್ಲೂ ತಿನ್ನು, ಸಿಡ್ಸ್ ಡೈನರ್‌ನಲ್ಲೂ ತಿನ್ನು. ಮೂರೂ ಕಡೆ ಈರುಳ್ಳಿಯನ್ನು ಎಷ್ಟು ಸಣ್ಣಗೆ ಹೆಚ್ಚುತ್ತಾರೆ, ಯಾರು ಹೆಚ್ಚುತ್ತಾರೆ, ದಿನಕ್ಕೆ ಎಷ್ಟು ಬೇಕಾಗುತ್ತೆ, ಕೇಳಿ ಬರೆದುಕೋ. ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋಗು, ಕಾವಲಿ ಮುಂದೆ ನಿಂತವರಿಗೆ ಆಗ ಉತ್ತರ ಕೊಡಲು ಪುರುಸೊತ್ತಿರುತ್ತೆ.

ಇಂತಿ,
ನಿನ್ನ ಅಣ್ಣ