ಹಳದಿ ತಿರುಗಿದ ಗಿಟಾರ್‌ಗೆ ಇನ್ನು ಮುಂದೆ ಬಿಳಿ ಹೊಡೆಯುವುದಿಲ್ಲ

ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಹಳದಿ ತಿರುಗಿದ ಹಳೆಯ ನೈಟ್ರೊ ಫಿನಿಶ್ (ನೈಟ್ರೊಸೆಲ್ಯುಲೋಸ್ ಲ್ಯಾಕರ್ ಎಂಬ ತೆಳು ಮೆರುಗು ಹೊಡೆದ) ಗಿಟಾರ್‌ಗಳನ್ನು ಉಜ್ಜಿ, ಹೊಸ ಪೇಂಟ್ ಹೊಡೆದು ಬಿಳಿ ಮಾಡಿಕೊಡುವ ಕೆಲಸವನ್ನು ನಮ್ಮ ಮಲ್ಲೇಶ್ವರದ ವರ್ಕ್‌ಶಾಪ್‌ನಲ್ಲಿ ಜೂನ್ 1ರಿಂದ ನಿಲ್ಲಿಸುತ್ತಿದ್ದೇವೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರ ಕೆಲಸ ಮುಗಿಸಿಕೊಡುತ್ತೇವೆ. ಈ ಪತ್ರ ಓದಿ ಬೇಡ ಅನ್ನಿಸಿದರೆ ಪೂರ್ತಿ ಹಣ ವಾಪಸ್. ಪಾಲಿ ಫಿನಿಶ್ (ಪಾಲಿಯೆಸ್ಟರ್‌ನಂಥ ಪ್ಲಾಸ್ಟಿಕ್ ಮೆರುಗು ಹೊಡೆದ) ಗಿಟಾರ್‌ಗಳ ಪೇಂಟ್ ಕೆಲಸ ಮೊದಲಿನ ಹಾಗೇ ನಡೆಯುತ್ತದೆ.

ಕಾರಣ ಇಷ್ಟೆ. ಹೆಚ್ಚಿನವರು ಬಿಳಿ ಬಣ್ಣವೇ ಹಳದಿಯಾಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ ಜಾಸ್ತಿ ಹಳದಿಯಾಗುವುದು ಅದರ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲ್ಯಾಕರ್ ಪದರ. ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಿಸಿಲು, ಸೆಕೆಗೆ ನಿಧಾನವಾಗಿ ಒಡೆಯುತ್ತಾ ಹಳದಿಯಾಗುತ್ತದೆ, ಕೇಸ್ ಒಳಗೆ ಇಟ್ಟರೂ ಪೂರ್ತಿ ನಿಲ್ಲುವುದಿಲ್ಲ, ತಡವಾಗುತ್ತದೆ ಅಷ್ಟೆ. ಫೆಂಡರ್ ಕಂಪನಿಯ ಒಲಿಂಪಿಕ್ ವೈಟ್ ಅನ್ನುವ ಬಿಳಿ ಕೆನೆ ಬಣ್ಣಕ್ಕೆ ತಿರುಗುವುದು ಹೀಗೇ. ಲೇಕ್ ಪ್ಲಾಸಿಡ್ ಬ್ಲೂ ಹಸಿರು ಹಸಿರಾಗಿ ಕಾಣುವುದೂ ಹೀಗೇ: ನೀಲಿಯ ಮೇಲೆ ಹಳದಿ ಪದರ ಕೂತರೆ ಇನ್ನೇನಾಗಬೇಕು? ಗಿಬ್ಸನ್ ಕಂಪನಿಯ ಕಥೆ ಬೇರೆ. 1958ರಿಂದ 1960ರವರೆಗಿನ ಲೆಸ್ ಪಾಲ್ ಮಾಡೆಲ್‌ಗಳ ಸನ್‌ಬರ್ಸ್ಟ್‌ನಲ್ಲಿ (ನಡುವೆ ಹಳದಿ, ಅಂಚಿಗೆ ಕೆಂಪಾಗುವ ಬಣ್ಣ) ಕೆಂಪು ಡೈ ಬಿಸಿಲಿಗೆ ಮಾಸಿ ಹೋಗಿ, ಕೆಲವು ಬರೀ ನಿಂಬೆ ಹಳದಿಯಾಗಿ ಉಳಿದಿವೆ. ಅಂಥದ್ದಕ್ಕೂ ಇವತ್ತು ಜನ ತುಂಬಾ ದುಡ್ಡು ಕೊಡುತ್ತಾರೆ.

ನಿಮ್ಮ ಗಿಟಾರ್‌ನಲ್ಲಿ ಏನಾಗಿದೆ ಅಂತ ನೀವೇ ನೋಡಬಹುದು. ತಂತಿ ಸಡಿಲಿಸಿ, ಪಿಕ್‌ಗಾರ್ಡ್‌ನ (ಗಿಟಾರ್ ಮೈಮೇಲೆ ಕೂರಿಸಿದ ತೆಳು ಪ್ಲಾಸ್ಟಿಕ್ ಹಲಗೆ) ಸ್ಕ್ರೂಗಳನ್ನು ಬಿಚ್ಚಿ ಮೆಲ್ಲಗೆ ಎತ್ತಿ. ಒಳಗಿನ ವೈರ್ ಎಳೆಯಬೇಡಿ. ವಾಚ್ ಕಟ್ಟಿದ ಕೈಯಲ್ಲಿ ಉಳಿಯುವ ಗುರುತಿನ ಹಾಗೆ, ಗಾರ್ಡ್ ಮುಚ್ಚಿದ್ದಷ್ಟು ಜಾಗ ಬೇರೆಯೇ ಬಣ್ಣದಲ್ಲಿರುತ್ತದೆ. ಆ ಅಂಚು ಗೀಟೆಳೆದಷ್ಟು ಸ್ಪಷ್ಟ. ಫ್ಯಾಕ್ಟರಿಯಿಂದ ಬಂದ ಬಣ್ಣಕ್ಕೆ ಹತ್ತಿರದ್ದು ಮುಚ್ಚಿದ್ದ ಆ ಜಾಗದ ಬಣ್ಣವೇ.

ನೈಟ್ರೊ ಕೋಟ್ ತೀರಾ ತೆಳು. ಹಳದಿ ಹೋಗುವವರೆಗೆ ಉಜ್ಜಿದರೆ ಕೆಳಗಿನ ಮೂಲ ಬಣ್ಣವೂ ಹೋಗುತ್ತದೆ, ಆಮೇಲೆ ನಾವು ಎಷ್ಟೇ ಚೆನ್ನಾಗಿ ಸ್ಪ್ರೇ ಮಾಡಿದರೂ ಅದು ರೀಫಿನಿಶ್ ಗಿಟಾರ್ ಅನ್ನಿಸಿಕೊಳ್ಳುತ್ತದೆ, ಮಾರುವಾಗ ಬೆಲೆ ಬಿದ್ದುಹೋಗುತ್ತದೆ. ಸುಮ್ನೆ ಯಾಕೆ? ಒಂದು ಸಲ ತೆಗೆದರೆ ವಾಪಸ್ ತರುವ ದಾರಿಯೇ ಇಲ್ಲ.

ಬದಲಿಗೆ ಕ್ಲೀನಿಂಗ್ ಮತ್ತು ಹದವಾದ ಪಾಲಿಶ್ ಮಾಡಿಕೊಡುತ್ತೇವೆ. ಬೆವರು, ಸಿಗರೇಟ್ ಹೊಗೆ ಕೂತ ಪದರ ತೆಗೆದರೆ ಎಷ್ಟೋ ಗಿಟಾರ್‌ಗಳು ನೋಡುವುದಕ್ಕೆ ತಿಳಿಯಾಗುತ್ತವೆ. ಎದ್ದು ಬರುತ್ತಿರುವ ಚಕ್ಕೆಗಳನ್ನು ಅಂಟಿಸಿ ನಿಲ್ಲಿಸುತ್ತೇವೆ. ಕೂದಲೆಳೆಯಂಥ ಬಿರುಕುಗಳನ್ನು ಮುಟ್ಟುವುದಿಲ್ಲ, ಅವು ಲ್ಯಾಕರ್ ಕುಗ್ಗಿದ್ದರಿಂದ ಬಂದವು, ಸದ್ದಿಗೆ ಅವುಗಳಿಂದ ತೊಂದರೆ ಇಲ್ಲ.

ಮನೆಯಲ್ಲಿ ಸ್ವಲ್ಪ ಗಮನ ಇಡಿ. ಪಶ್ಚಿಮಕ್ಕೆ ಕಿಟಕಿ ಇರುವ ಫ್ಲಾಟ್‌ಗಳಲ್ಲಿ ಗೋಡೆಗೆ ನೇತುಹಾಕಿದ ಗಿಟಾರ್ ಬೇಗ ಬಣ್ಣ ಬದಲಿಸುತ್ತದೆ. ಗಾಜು ಮುಚ್ಚಿದ್ದರೂ ಯುವಿ ಒಂದಷ್ಟು ಒಳಗೆ ಬಂದೇ ಬರುತ್ತದೆ. ಕಡಿಮೆ ಬೆಲೆಯ ಸ್ಟ್ಯಾಂಡ್‌ಗಳ ರಬ್ಬರ್ ನೈಟ್ರೊವನ್ನು ಮೆತ್ತಗೆ ಮಾಡಿ ಅಂಟಿಕೊಂಡುಬಿಡುತ್ತದೆ, ನಡುವೆ ಹತ್ತಿ ಬಟ್ಟೆ ಸುತ್ತಿ. ವಿಮಾನದಲ್ಲಿ ತಣ್ಣಗಾಗಿ ಬಂದ ಕೇಸನ್ನು ಮನೆಗೆ ಬಂದ ತಕ್ಷಣ ತೆರೆಯಬೇಡಿ, ಕೆಲವು ಗಂಟೆ ಹಾಗೇ ಇರಲಿ. ಆ ಆತುರದಲ್ಲೂ ಬಿರುಕು ಬರುತ್ತದೆ.

ನಿಮ್ಮದು ನೈಟ್ರೊನೋ ಪಾಲಿಯೋ ಗೊತ್ತಿಲ್ಲವಾದರೆ ನಾವು ನೋಡಿ ಹೇಳುತ್ತೇವೆ, ಅದಕ್ಕೆ ದುಡ್ಡಿಲ್ಲ. 1960ರ ದಶಕದ ಕೊನೆಗೆ ಫೆಂಡರ್ ಕೂಡ ಪಾಲಿಯೆಸ್ಟರ್ ಕಡೆ ವಾಲಿತ್ತು, ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ತೀರ್ಮಾನಿಸಬೇಡಿ. ಮನೆಯಲ್ಲೇ ಥಿನ್ನರ್ ಹಚ್ಚಿ ಪರೀಕ್ಷೆ ಮಾಡುವ ಸಾಹಸವಂತೂ ಬೇಡವೇ ಬೇಡ. ಬರುವ ಮೊದಲು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿ. ಭಾನುವಾರ ರಜೆ.

ಇಂತಿ,
ಗಿಟಾರ್ ವರ್ಕ್‌ಶಾಪ್‌ನವರು, ಮಲ್ಲೇಶ್ವರ